ಓದುಗರು ಕೇಳಿದ್ದು: ಬೇಲಿಯ ಊಸರವಳ್ಳಿ, ಪಂಜರದ ಊಸರವಳ್ಳಿ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಊಸರವಳ್ಳಿಯದ್ದೇ ಕಾರುಬಾರು. ಕೆಲವು ಹೊಲದಲ್ಲಿ, ತೋಟದಲ್ಲಿ ಸಿಕ್ಕವುಗಳ ಬಗ್ಗೆ. ಉಳಿದವು ಪೇಟೆಯ ಮನೆಗಳಲ್ಲಿ ಸಾಕಿರುವ ವಿದೇಶಿ ಜಾತಿಗಳ ಬಗ್ಗೆ. ಇವೆರಡಕ್ಕೂ ಕಾನೂನು ಬೇರೆ, ಆರೈಕೆ ಬೇರೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಶೇಂಗಾ ಕೀಳುವಾಗ ಬದುವಿನ ಬೇಲಿಯಲ್ಲಿ ಗೇಣುದ್ದದ ಹಸಿರು ಊಸರವಳ್ಳಿ ಸಿಕ್ಕಿತು. ಮಗ ಅದನ್ನು ಕೋಳಿ ಬುಟ್ಟಿಯಲ್ಲಿ ಮುಚ್ಚಿಟ್ಟು, ಸಾಕ್ತೀನಿ ಅಂತ ಹಠ ಹಿಡಿದಿದ್ದಾನೆ. ಮೂರು ದಿನದಿಂದ ಏನೂ ತಿಂದಿಲ್ಲ, ಬಟ್ಟಲಲ್ಲಿಟ್ಟ ನೀರೂ ಮುಟ್ಟಿಲ್ಲ. ಏನು ಮಾಡೋದು?
— ಚಳ್ಳಕೆರೆ ತಾಲ್ಲೂಕು

ಇವತ್ತೇ ಬಿಟ್ಟುಬಿಡಿ, ಸಿಕ್ಕ ಬೇಲಿಯಲ್ಲೇ ಬಿಡಿ. ನಮ್ಮ ಕಡೆ ಇರುವುದು ಒಂದೇ ಜಾತಿ, ಭಾರತೀಯ ಊಸರವಳ್ಳಿ. ವಿಜ್ಞಾನದಲ್ಲಿ ಅದಕ್ಕೆ ಕಮಿಲಿಯೊ ಝೈಲಾನಿಕಸ್ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ಆ ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿದಿಡುವುದೂ ಬೇಟೆಯೇ. ಮಗು ಹಿಡಿದದ್ದು, ನಮ್ಮದೇ ಹೊಲ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಕಾನೂನು ಒತ್ತಟ್ಟಿಗಿರಲಿ, ಬುಟ್ಟಿಯಲ್ಲಿ ಅದು ಬದುಕುವುದೂ ಇಲ್ಲ. ಬಟ್ಟಲಲ್ಲಿ ನಿಂತ ನೀರು ಅದರ ಕಣ್ಣಿಗೆ ನೀರಾಗಿ ಕಾಣುವುದೇ ಇಲ್ಲ. ಎಲೆಯ ಮೇಲೆ ಹೊಳೆಯುವ, ಜಾರುವ ಹನಿಯನ್ನು ಮಾತ್ರ ಅದು ನೆಕ್ಕುತ್ತದೆ. ಊಟವೂ ಹಾಗೆಯೇ, ಅಲುಗಾಡುವ ಹುಳ ಬೇಕು. ಸಾಲದ್ದಕ್ಕೆ ಸುತ್ತ ಜನ ಬಗ್ಗಿ ನೋಡುತ್ತಿದ್ದರೆ ಹೆದರಿ ಹೊಟ್ಟೆಗೇನೂ ತೆಗೆದುಕೊಳ್ಳುವುದಿಲ್ಲ.

ಬಿಡುವಾಗ ಕೈಯಿಂದ ಎಳೆಯಬೇಡಿ. ಅದರ ಕಾಲು ಕೊಂಬೆಯನ್ನು ಇಕ್ಕಳದಂತೆ ಕಚ್ಚಿ ಹಿಡಿಯುತ್ತದೆ. ಬಲವಂತವಾಗಿ ಕಿತ್ತರೆ ಉಗುರು ಕೀಳುತ್ತದೆ, ಬೆರಳು ಮುರಿಯುತ್ತದೆ. ಹೆಬ್ಬೆರಳು ದಪ್ಪದ, ಸಿಪ್ಪೆ ಒರಟಾಗಿರುವ ಕಡ್ಡಿಯೊಂದನ್ನು ಎದೆಯ ಮುಂದೆ, ಕಾಲಿಗಿಂತ ಸ್ವಲ್ಪ ಮೇಲೆ ಹಿಡಿದರೆ ತಾನಾಗಿಯೇ ಹತ್ತುತ್ತದೆ. ಬಿಸಿಲೇರುವ ಮುನ್ನ ಬೇಲಿಗೆ ಕೊಂಡೊಯ್ದು, ಎದೆಯೆತ್ತರದಲ್ಲಿ ಎಲೆ ದಟ್ಟವಾಗಿರುವ ಕಡೆ ಕಡ್ಡಿಯನ್ನು ಸಿಕ್ಕಿಸಿ. ಬಿಡುವ ಮುಂಚೆ ಹತ್ತು ನಿಮಿಷ ಎಲೆಗಳ ಮೇಲೆ ನೀರು ಚಿಮುಕಿಸಿ. ಮೂರು ದಿನದ ಬಾಯಾರಿಕೆ ಇದ್ದೀತು, ಕುಡಿಯಲು ಬಿಡಿ. ಬಾಯಿ ಬಿಡಿಸಿ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಟ್ರ್ಯಾಕ್ಟರಿಗೆ ಸಿಕ್ಕೋ ನಾಯಿ ಕಚ್ಚಿಯೋ ಗಾಯವಾಗಿದ್ದರೆ ಮಾತ್ರ ಬಿಡಬೇಡಿ. ಗಾಳಿ ಆಡುವಂತೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಒಂದು ಕೊಂಬೆ ಇಟ್ಟು ಅದರ ಮೇಲೆ ಕೂರಿಸಿ, ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಪ್ರಶ್ನೆ: ಊಸರವಳ್ಳಿ ಕಚ್ಚಿದರೆ ವಿಷ ಏರುತ್ತದೆಯೇ? ನಮ್ಮಲ್ಲಿ ಕಂಡ ಕೂಡಲೇ ಕಲ್ಲು ಹೊಡೆಯುತ್ತಾರೆ. ಗಂಟಲು ಕೆಂಪಗಾದರೆ ರಕ್ತ ಹೀರುತ್ತಿದೆ ಎಂದರ್ಥವೇ?
— ಮೊಳಕಾಲ್ಮೂರು

ಎರಡೂ ಸುಳ್ಳು. ಊಸರವಳ್ಳಿಗೆ ವಿಷದ ಗ್ರಂಥಿಯಿಲ್ಲ. ಮೈ ಉಬ್ಬಿಸಿ, ಬಾಯಿ ಅಗಲಿಸಿ ಬುಸ್ಸೆನ್ನುವುದು ಬರೀ ಬೆದರಿಕೆ. ಕೈಹಾಕಿದರೆ ಕಚ್ಚಬಹುದು; ಚಿವುಟಿದಷ್ಟು ನೋವು, ಸೋಪು ನೀರಲ್ಲಿ ತೊಳೆದರೆ ಸಾಕು. ಇನ್ನು ಗಂಟಲು, ಕತ್ತು ಕೆಂಪಾಗುವುದು ಊಸರವಳ್ಳಿಯದ್ದಲ್ಲ, ಓತಿಕ್ಯಾತದ್ದು. ಗಂಡು ಓತಿಕ್ಯಾತ ಹೆಣ್ಣನ್ನು ಕರೆಯುವಾಗ ಕೆಂಪೇರುತ್ತದೆ, ಯಾರ ರಕ್ತವನ್ನೂ ಹೀರುವುದಿಲ್ಲ. ಗುರುತಿಸುವುದು ಸುಲಭ: ಓತಿಕ್ಯಾತ ಓಡುತ್ತದೆ, ಬಾಲ ನೆಟ್ಟಗಿರುತ್ತದೆ, ಬೆನ್ನ ಮೇಲೆ ಮುಳ್ಳಿನ ಸಾಲಿದೆ, ತಲೆ ಮೇಲೆ ಕೆಳಗೆ ಆಡಿಸುತ್ತದೆ. ಊಸರವಳ್ಳಿ ಒಂದು ಹೆಜ್ಜೆ ಇಟ್ಟು ತೂಗಾಡಿ ನಿಲ್ಲುತ್ತದೆ, ಬಾಲ ಸುರುಳಿ, ಮೈ ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆ, ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ. ಕಲ್ಲಿನ ಏಟಿಗಿಂತ ಹೆಚ್ಚಾಗಿ ಅದು ಸಾಯುವುದು ಡಾಂಬರು ದಾಟುವಾಗ. ನಡಿಗೆ ಅಷ್ಟು ನಿಧಾನ. ರಸ್ತೆಯಲ್ಲಿ ಕಂಡರೆ, ಹಿಂದೆ ವಾಹನ ಇಲ್ಲವೆಂದು ನೋಡಿಕೊಂಡು, ಅದು ಮುಖ ಮಾಡಿರುವ ಬದಿಗೇ ಕಡ್ಡಿಯಲ್ಲಿ ದಾಟಿಸಿ.

ಪ್ರಶ್ನೆ: ಕೂತ ಜಾಗದ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಓದಿದ್ದೇವೆ. ಬಣ್ಣಬಣ್ಣದ ಕನ್ನಡಕ ಮುಂದಿಟ್ಟರೆ ಅದೇ ಬಣ್ಣ ತಾಳುವ ವಿಡಿಯೊ ಕೂಡ ನೋಡಿದ್ದೇನೆ. ನಿಜವಾಗಿ ಹೇಗೆ ನಡೆಯುತ್ತದೆ?
— ಪಿಯು ವಿದ್ಯಾರ್ಥಿನಿ, ದಾವಣಗೆರೆ

ಆ ವಿಡಿಯೊ ಜಾಹೀರಾತಿಗಾಗಿ ಕಂಪ್ಯೂಟರಿನಲ್ಲಿ ಹೆಣೆದದ್ದು. ಊಸರವಳ್ಳಿ ಕೂತ ಜಾಗವನ್ನು ನಕಲು ಮಾಡುವುದಿಲ್ಲ. ಅದು ಹಸಿರಾಗಿರುವುದು ಹಸಿರೇ ಅದರ ನೆಮ್ಮದಿಯ ಬಣ್ಣವಾದ್ದರಿಂದ; ಎಲೆಗಳ ನಡುವೆ ಬದುಕುವ ಪ್ರಾಣಿಗೆ ಅದು ಹೊಂದುತ್ತದೆ, ಅಷ್ಟೇ. ಬದಲಾವಣೆಗೆ ಕಾರಣ ಮೂರು: ಮೈಯ ಶಾಖ, ಮನಸ್ಥಿತಿ, ಎದುರಿಗಿರುವ ಇನ್ನೊಂದು ಊಸರವಳ್ಳಿ.

ಇದರ ಒಳಗುಟ್ಟು 2015ರಲ್ಲಿ ಬಯಲಾಯಿತು. ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರಿನ ಪ್ಯಾಂಥರ್ ಊಸರವಳ್ಳಿಯ ಚರ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದರು. ಚರ್ಮದ ಕೋಶಗಳೊಳಗೆ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಸಾಲುಗಟ್ಟಿ ಕೂತಿವೆ. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಒತ್ತೊತ್ತಾಗಿರುತ್ತವೆ, ನೀಲಿ ಬೆಳಕು ಪ್ರತಿಫಲಿಸುತ್ತದೆ. ಅದರ ಮೇಲಿನ ಪದರದಲ್ಲಿ ಹಳದಿ ವರ್ಣದ್ರವ್ಯ ಇದೆ. ನೀಲಿ ಹಳದಿ ಸೇರಿ ನಮಗೆ ಹಸಿರು. ಎದುರಾಳಿ ಗಂಡು ಕಂಡು ಕೆರಳಿದ ಕೂಡಲೇ ಹರಳುಗಳ ನಡುವಿನ ಅಂತರ ಹೆಚ್ಚುತ್ತದೆ. ಆಗ ಹಳದಿ, ಕಿತ್ತಳೆ, ಕೆಂಪು ಬೆಳಕು ಹೊರಬೀಳುತ್ತದೆ. ಇದರಲ್ಲಿ ಹೊಸದಾಗಿ ಬಣ್ಣ ತಯಾರಾಗುವುದೇ ಇಲ್ಲ, ಹರಳಿನ ಅಂತರ ಮಾತ್ರ ಬದಲಾಗುತ್ತದೆ. ಇನ್ನೂ ಆಳದಲ್ಲಿ ದೊಡ್ಡ ಹರಳುಗಳ ಮತ್ತೊಂದು ಪದರವಿದೆ. ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಕಳಿಸಿ ಮೈ ಕಾಯದಂತೆ ತಡೆಯಲು ನೆರವಾಗುತ್ತದೆ.

ಕಪ್ಪಾಗುವುದು ಬೇರೆ ವ್ಯವಸ್ಥೆ. ಮೆಲನಿನ್ ಎಂಬ ಕಪ್ಪು ದ್ರವ್ಯವನ್ನು ಕೋಶದ ಕವಲುಗಳಿಗೆ ಹರಡಿದರೆ ಮೈ ಗಾಢವಾಗುತ್ತದೆ. ಮಾಗಿಯ ಬೆಳಗ್ಗೆ ಜೋಗಿಮಟ್ಟಿಯ ಕುರುಚಲಲ್ಲಿ ಬಿಸಿಲಿಗೆ ಒಂದು ಪಕ್ಕ ಒಡ್ಡಿ ಕೂತದ್ದನ್ನು ಗಮನಿಸಿ: ಬಿಸಿಲು ಬಿದ್ದ ಪಕ್ಕ ಕಪ್ಪು, ನೆರಳಿನ ಪಕ್ಕ ತಿಳಿ. ಬೇಗ ಕಾಯಿಸಿಕೊಳ್ಳುವ ಉಪಾಯ ಅದು. ಮಧ್ಯಾಹ್ನದ ಉರಿಯಲ್ಲಿ ಅದೇ ಪ್ರಾಣಿ ಬಿಳಿಚಿಕೊಳ್ಳುತ್ತದೆ. ನಿದ್ದೆಯಲ್ಲೂ ಬಿಳಿಚು, ರಾತ್ರಿ ಟಾರ್ಚು ಬಿಟ್ಟರೆ ಕೊಂಬೆಯ ತುದಿಯಲ್ಲಿ ಬೆಳ್ಳಗೆ ಹೊಳೆಯುವುದು ಅದಕ್ಕೇ. ಪಂಜರದಲ್ಲಿ ಹಗಲಿಡೀ ಕಪ್ಪಾಗಿಯೇ ಇದ್ದರೆ ಚಳಿಯೋ ಹೆದರಿಕೆಯೋ ಕಾಯಿಲೆಯೋ ಇದೆ ಎಂದು ತಿಳಿಯಿರಿ.

ಪ್ರಶ್ನೆ: ಮಕ್ಕಳು ಕೇಳಿದರು: ನಾಲಗೆ ಅಷ್ಟುದ್ದ ಹೋಗುವುದು ಹೇಗೆ? ಜಗತ್ತಿನಲ್ಲಿ ಎಷ್ಟು ಜಾತಿ ಇವೆ?
— ಶಾಲಾ ಶಿಕ್ಷಕರು, ಚಿತ್ರದುರ್ಗ

200ಕ್ಕೂ ಹೆಚ್ಚು ಜಾತಿ. ಹೆಚ್ಚೂಕಡಿಮೆ ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿವೆ, ಉಳಿದವುಗಳಲ್ಲಿ ಹೆಚ್ಚಿನವು ಆಫ್ರಿಕಾದಲ್ಲಿ. 2021ರಲ್ಲಿ ಹೆಸರಿಟ್ಟ ಬ್ರುಕೇಸಿಯಾ ನಾನಾ ಎಂಬುದರ ಗಂಡು ಬಾಲ ಬಿಟ್ಟು 13.5 ಮಿಲಿಮೀಟರ್, ಮಕ್ಕಳ ಬೆರಳ ತುದಿಯಲ್ಲಿ ಕೂರುವಷ್ಟು. ಇನ್ನೊಂದು ತುದಿಯಲ್ಲಿ ಬಾಲ ಸೇರಿ ಎರಡಡಿಯನ್ನೂ ಮೀರುವ ಊಸ್ತಾಲೆ ಊಸರವಳ್ಳಿ. ಲಬೋರ್ಡಿ ಎಂಬ ಜಾತಿಯದ್ದು ವಿಚಿತ್ರ ಬದುಕು: ವರ್ಷದಲ್ಲಿ ಎಂಟೊಂಬತ್ತು ತಿಂಗಳು ಮೊಟ್ಟೆಯೊಳಗೇ ಕಳೆದು, ಹೊರಬಂದ ಮೇಲೆ ನಾಲ್ಕೈದು ತಿಂಗಳಲ್ಲಿ ಬೆಳೆದು, ಮೊಟ್ಟೆಯಿಟ್ಟು ಸಾಯುತ್ತದೆ.

ನಾಲಗೆಯ ವಿಷಯಕ್ಕೆ ಬಂದರೆ, ಬರೀ ಸ್ನಾಯುವಿನ ಬಲದಿಂದ ಅಷ್ಟು ವೇಗ ಸಾಧ್ಯವಿಲ್ಲ. ನಾಲಗೆಯ ನಡುವೆ ಚೂಪಾದ ಎಲುಬಿನ ಕಡ್ಡಿಯಿದೆ. ಅದರ ಸುತ್ತ ಹಿಗ್ಗುವ ನಾರಿನ ಪದರಗಳು, ಅವುಗಳ ಹೊರಗೆ ಉಂಗುರದಂಥ ಸ್ನಾಯು. ಸ್ನಾಯು ಬಿಗಿದಾಗ ನಾರುಗಳು ಕಡ್ಡಿಯುದ್ದಕ್ಕೂ ಎಳೆದುಕೊಳ್ಳುತ್ತವೆ. ತುದಿ ದಾಟಿದ ಕ್ಷಣ ಕೂಡಿಟ್ಟ ಬಲವೆಲ್ಲ ಒಟ್ಟಿಗೆ ಬಿಡುಗಡೆಯಾಗಿ ನಾಲಗೆ ಹಾರುತ್ತದೆ. ಮೈಯ ಒಂದೂವರೆಯಿಂದ ಎರಡು ಪಟ್ಟು ದೂರ ತಲುಪಬಲ್ಲದು. ಚಿಕ್ಕ ಜಾತಿಗಳದ್ದೇ ಹೆಚ್ಚು ಚುರುಕು: ತಾಂಜಾನಿಯಾದ ಒಂದು ಪುಟ್ಟ ಜಾತಿಯಲ್ಲಿ ನಾಲಗೆಯ ವೇಗೋತ್ಕರ್ಷ ಗುರುತ್ವದ 264 ಪಟ್ಟು ಎಂದು 2016ರಲ್ಲಿ ಅಳೆದಿದ್ದಾರೆ. ತುದಿಯ ಜೊಲ್ಲು ಮನುಷ್ಯರ ಎಂಜಲಿಗಿಂತ ಸುಮಾರು 400 ಪಟ್ಟು ಮಂದ, ಹಾಗಾಗಿ ಹುಳ ಅಂಟಿಕೊಂಡೇ ಬರುತ್ತದೆ. ತರಗತಿಯಲ್ಲಿ ಹೇಳಲು ಇನ್ನೊಂದು ಮಾತು: ಚಳಿಯಲ್ಲಿ ಸ್ನಾಯು ಮಂಕಾದರೂ ಎಳೆದ ನಾರಿನ ಬಲ ಅಷ್ಟಾಗಿ ಕುಗ್ಗುವುದಿಲ್ಲ. ಆದ್ದರಿಂದ 15 ಡಿಗ್ರಿಯಲ್ಲೂ ನಾಲಗೆ ಸರಿಯಾಗಿ ಚಿಮ್ಮುತ್ತದೆ. ಒಳಕ್ಕೆ ಎಳೆದುಕೊಳ್ಳುವುದು ಮಾತ್ರ ನಿಧಾನ.

ಪ್ರಶ್ನೆ: ಬೆಂಗಳೂರಿನ ಗೆಳೆಯ ವಿದೇಶಕ್ಕೆ ಹೋಗುವವನಿದ್ದಾನೆ. ತನ್ನ ವೇಲ್ಡ್ ಕೆಮಿಲಿಯನ್ ನನಗೆ ಕೊಡುತ್ತಾನಂತೆ, ಒಂದು ವರ್ಷದ ಗಂಡು. ಕಾಗದಪತ್ರ ಬೇಕೇ? ದಾವಣಗೆರೆಯಲ್ಲಿ ಸಾಕಲು ಏನೇನು ಬೇಕು?
— ವಿದ್ಯಾನಗರ, ದಾವಣಗೆರೆ

ಮೊದಲು ಕಾಗದ. ವೇಲ್ಡ್ ಊಸರವಳ್ಳಿ ಯೆಮೆನ್, ಸೌದಿ ಅರೇಬಿಯಾ ಕಡೆಯದು. ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇಂಥ ಪ್ರಾಣಿಗಳನ್ನು ಮನೆಯಲ್ಲಿಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕು. 2024ರ ನಿಯಮದಂತೆ ಅದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ ನಡೆಯುತ್ತದೆ. ಕೈ ಬದಲಾದರೆ, ಮರಿಯಾದರೆ, ಸತ್ತರೆ ಅದನ್ನೂ ಅಲ್ಲಿ ದಾಖಲಿಸಬೇಕು. ಗೆಳೆಯನ ಹೆಸರಲ್ಲಿ ನೋಂದಣಿ ಇದೆಯೇ ಎಂದು ಕೇಳಿ. ಇದ್ದರೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡ ಮೇಲೆಯೇ ತನ್ನಿ. ‘ಕಾಗದ ಆಮೇಲೆ ಮಾಡಿಸೋಣ’ ಎನ್ನುವವರಿಂದ ಪುಕ್ಕಟೆ ಕೊಟ್ಟರೂ ಬೇಡ.

ಇನ್ನು ಸಾಕಣೆ. ನಾಯಿ, ಬೆಕ್ಕಿನಂತೆ ಮುದ್ದಿಸುವ ಪ್ರಾಣಿ ಇದಲ್ಲ, ಎತ್ತಿಕೊಂಡರೆ ಅದಕ್ಕೆ ಹಿಂಸೆ. ದಿನಕ್ಕೆ ಅರ್ಧ ಗಂಟೆ ಕೆಲಸ, ಊರಿಗೆ ಹೋದರೆ ನೋಡಿಕೊಳ್ಳುವವರು, ಸರೀಸೃಪ ಬಲ್ಲ ವೈದ್ಯರ ಫೋನ್ ನಂಬರು, ಈ ಮೂರೂ ಇಲ್ಲದಿದ್ದರೆ ನಮ್ಮ ಸಲಹೆ ಒಂದೇ, ಒಪ್ಪಿಕೊಳ್ಳಬೇಡಿ. ಜಿಲ್ಲೆಯ ಪಶು ಆಸ್ಪತ್ರೆಗಳ ಅನುಭವವೆಲ್ಲ ದನ, ಕುರಿ, ನಾಯಿಗಳದ್ದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕಾದೀತು.

ಪಂಜರ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರ. ನಾಲ್ಕೂ ಕಡೆ ಜಾಲರಿ. ಮೀನಿನ ಗಾಜಿನ ತೊಟ್ಟಿ ಬೇಡ. ಗಾಳಿಯಾಡದೆ ಶ್ವಾಸಕೋಶದ ಸೋಂಕು ಬರುತ್ತದೆ, ಗಾಜಿನಲ್ಲಿ ತನ್ನದೇ ಬಿಂಬ ಕಂಡು ದಿನವಿಡೀ ಕೆರಳುತ್ತದೆ. ಕಬ್ಬಿಣದ ಕೋಳಿ ಜಾಲರಿಯೂ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಲೇಪನವಿರುವ, ಕಣ್ಣು ಚಿಕ್ಕದಿರುವ ಜಾಲರಿ ತನ್ನಿ. ಪಂಜರವನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಿ, ನಮ್ಮ ತಲೆಗಿಂತ ಮೇಲೆ ಕೂತರೇ ಅದಕ್ಕೆ ಧೈರ್ಯ. ಒಳಗೆ ಕುಂಡದಲ್ಲಿ ಮನಿಪ್ಲಾಂಟ್, ದಾಸವಾಳ ಇಡಿ. ವೇಲ್ಡ್ ಎಲೆಯನ್ನೂ ಮೇಯುತ್ತದೆ, ಹಾಗಾಗಿ ನರ್ಸರಿಯಿಂದ ತಂದ ಗಿಡವನ್ನು ಚೆನ್ನಾಗಿ ತೊಳೆದು, ಔಷಧದ ಅಂಶ ಹೋಗಲು ಕೆಲ ವಾರ ಹೊರಗಿಟ್ಟು ಆಮೇಲೆ ಒಳಗಿಡಿ. ಕೊಂಬೆಗಳು ಪೆನ್ಸಿಲಿನಿಂದ ಹೆಬ್ಬೆರಳಿನವರೆಗೆ ಬೇರೆಬೇರೆ ದಪ್ಪದ್ದಿರಲಿ.

ದೀಪ ಎರಡು. ಒಂದು ಬಿಸಿಗೆ: ಸಾಮಾನ್ಯ ಹ್ಯಾಲೊಜೆನ್ ಬಲ್ಬು. ಕೂರುವ ಕೊಂಬೆಯ ಬಳಿ 29ರಿಂದ 31 ಡಿಗ್ರಿ ಬರುವಂತೆ ಎತ್ತರ ಹೊಂದಿಸಿ, ಥರ್ಮಾಮೀಟರ್ ಇಟ್ಟು ಅಳೆಯಿರಿ, ಕೈಯಿಟ್ಟು ಅಂದಾಜು ಮಾಡಬೇಡಿ. ಎರಡನೆಯದು ಯುವಿಬಿ (ಬಿಸಿಲಲ್ಲಿರುವ ಅತಿನೇರಳೆ ಕಿರಣದ) ದೀಪ: ಸರೀಸೃಪಕ್ಕೆಂದೇ ಬರುವ ಟಿ5 ಟ್ಯೂಬ್, ಆರು ಶೇಕಡದ್ದು, ಕೊಂಬೆಯಿಂದ 20–25 ಸೆಂಟಿಮೀಟರ್ ಮೇಲೆ. ಸುರುಳಿಯ ಪುಟ್ಟ ಬಲ್ಬುಗಳಿಂದ ಪಂಜರಕ್ಕೆಲ್ಲ ಯುವಿಬಿ ಸಿಗುವುದಿಲ್ಲ. ಟ್ಯೂಬ್ ಉರಿಯುತ್ತಲೇ ಇದ್ದರೂ ಯುವಿಬಿ ಸೋರಿಹೋಗಿರುತ್ತದೆ; ವರ್ಷಕ್ಕೊಮ್ಮೆ ಬದಲಿಸಿ. ದಿನಕ್ಕೆ 12 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲು. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ.

ನೀರಿಗೆ ನಮ್ಮ ಕಡೆಯ ಅಗ್ಗದ ದಾರಿ ಮೆಡಿಕಲ್ ಶಾಪಿನ ಸಲೈನ್ ಸೆಟ್. ಪಂಜರದ ಮೇಲೆ ಬಾಟಲಿ ತೂಗುಹಾಕಿ, ಗಾಲಿ ತಿರುಗಿಸಿ ಸೆಕೆಂಡಿಗೊಂದು ಹನಿ ಎಲೆ ಮೇಲೆ ಬೀಳುವಂತೆ ಮಾಡಿ, ಕೆಳಗೊಂದು ತಟ್ಟೆ ಇಡಿ. ಬೆಳಗ್ಗೆ ದೀಪ ಹಾಕುವ ಮುನ್ನ, ರಾತ್ರಿ ಆರಿಸುವ ಹೊತ್ತಿಗೆ ಎರಡೆರಡು ನಿಮಿಷ ಸ್ಪ್ರೇ ಹೊಡೆಯಿರಿ. ಹಗಲಿಗೆ ಎಲೆ ಒಣಗಲೇಬೇಕು. ದಿನವಿಡೀ ತೇವ, ಜೊತೆಗೆ ಸೆಕೆ ಇದ್ದರೆ ಸೋಂಕು ಖಚಿತ. ಬೋರ್‌ವೆಲ್ ನೀರು ಬಳಸಿದರೆ ಸ್ಪ್ರೇ ಮೂತಿ ಬಿಳಿ ಸುಣ್ಣ ಕಟ್ಟಿ ಮುಚ್ಚಿಹೋಗುತ್ತದೆ. ಆರ್‌ಓ ನೀರು ಹಾಕಿ; ಕಟ್ಟಿಕೊಂಡ ಮೂತಿಯನ್ನು ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ.

ಊಟಕ್ಕೆ ಕ್ರಿಕೆಟ್ ಹುಳ ಮುಖ್ಯ. ಬೆಳೆದ ಗಂಡಿಗೆ ದಿನ ಬಿಟ್ಟು ದಿನ ನಾಲ್ಕೈದು ಸಾಕು, ಹುಳದ ಅಗಲ ಅದರ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು. ಕೊಡುವ ಹಿಂದಿನ ದಿನ ಹುಳಗಳಿಗೆ ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ ತಿನ್ನಿಸಿ. ಪಾಲಕ್ ಬೇಡ, ಅದರ ಆಕ್ಸಲೇಟ್ ಸುಣ್ಣವನ್ನು (ಕ್ಯಾಲ್ಸಿಯಂ) ಹಿಡಿದಿಟ್ಟುಕೊಳ್ಳುತ್ತದೆ. ಪ್ರತಿಸಲ ಹುಳಕ್ಕೆ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಸವರಿ. ತಿಂಗಳಿಗೆ ಎರಡು ಸಲ ಡಿ3 ಮತ್ತು ಎ ಜೀವಸತ್ವ ಇರುವ ಪುಡಿ. ಮೆಕ್ಕೆಜೋಳ, ಹತ್ತಿ ಹೊಲದ ಮಿಡತೆ ಹಿಡಿದು ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಸಿಂಪಡಿಸಿದ ಕೀಟನಾಶಕ ನೇರ ಪ್ರಾಣಿಯ ಹೊಟ್ಟೆಗೆ ಹೋಗುತ್ತದೆ. ಮಿಂಚುಹುಳ ಯಾವ ಕಾರಣಕ್ಕೂ ಬೇಡ.

ಪ್ರಶ್ನೆ: ಜೊತೆಗಿರಲಿ ಎಂದು ಅದೇ ಪಂಜರದಲ್ಲಿ ಇನ್ನೊಂದನ್ನು ಬಿಡಬಹುದೇ?
— ನಿಟುವಳ್ಳಿ, ದಾವಣಗೆರೆ

ಬೇಡ. ಗಂಡು ಗಂಡು ಕಚ್ಚಾಡುತ್ತವೆ, ಗಂಡು ಹೆಣ್ಣನ್ನು ಬಿಡದೆ ಕಾಡುತ್ತದೆ, ಎರಡೂ ಹೆಣ್ಣಾದರೆ ದುರ್ಬಲವಾದದ್ದು ಮೇವು ಬಿಟ್ಟು ಸೊರಗುತ್ತದೆ. ಎದುರುಬದುರು ಪಂಜರ ಇಟ್ಟರೂ ನಡುವೆ ಪರದೆ ಹಾಕಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಮ್ಮ ಪ್ಯಾಂಥರ್ ಮಧ್ಯಾಹ್ನವೆಲ್ಲ ಬಾಯಿ ತೆರೆದುಕೊಂಡಿರುತ್ತದೆ. ಸ್ಪ್ರೇ ಹೊಡೆದರೂ ಪ್ರಯೋಜನವಿಲ್ಲ. ಕಾಯಿಲೆಯೇ?
— ಹರಿಹರ

ಮೈ ಬಿಳಿಚಿ ಬಾಯಿ ತೆರೆದಿದ್ದರೆ ಸೆಕೆ. ಬಾಯಲ್ಲಿ ಲೋಳೆ, ಗುಳ್ಳೆ, ಉಸಿರಲ್ಲಿ ಸದ್ದು, ಮೂತಿ ಮೇಲಕ್ಕೆತ್ತಿ ಕೂರುವುದು ಇದ್ದರೆ ಶ್ವಾಸಕೋಶದ ಸೋಂಕು. ಅದಕ್ಕೆ ವೈದ್ಯರ ಆಂಟಿಬಯಾಟಿಕ್ ಬೇಕು, ಮನೆಮದ್ದು ಕೆಲಸ ಮಾಡದು. ನೀವು ಬರೆದದ್ದು ನೋಡಿದರೆ ಸೆಕೆಯೇ ಇರಬೇಕು. ಹೊರಗೆ 38 ಡಿಗ್ರಿ ಇದ್ದಾಗ ತಾರಸಿಯ ಕೆಳಗಿನ ಕೋಣೆ ಅದಕ್ಕಿಂತ ಬಿಸಿ, ಕಾದ ಸ್ಲ್ಯಾಬು ಸರಿರಾತ್ರಿಯವರೆಗೂ ಶಾಖ ಬಿಡುತ್ತಲೇ ಇರುತ್ತದೆ. ಆ ಪ್ರಾಣಿಗೆ ರಾತ್ರಿಯಾದರೂ ತಂಪು ಸಿಗಲೇಬೇಕು.

ಮಾರ್ಚ್‌ನಿಂದ ಮೇ ತನಕ ಬಿಸಿಯ ಬಲ್ಬು ಆರಿಸಿಬಿಡಿ, ಯುವಿಬಿ ಟ್ಯೂಬ್ ಮಾತ್ರ ಉರಿಯಲಿ. ಪಂಜರವನ್ನು ನೆಲಮಹಡಿಯ ಉತ್ತರ ಅಥವಾ ಪೂರ್ವದ ಕೋಣೆಗೆ ಸಾಗಿಸಿ. ನಮ್ಮ ಒಣಹವೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಾಳಿ ನೇರ ಪಂಜರಕ್ಕೆ ಬೀಸದಂತೆ ತಿರುಗಿಸಿಡಿ. ಕರೆಂಟು ಹೋಗುವ ಊರಲ್ಲಿ ಇನ್ವರ್ಟರಿಗೆ ಒಂದು ಫ್ಯಾನ್ ಸೇರಿಸಿಡಿ. ಬೆಳಗ್ಗೆ ಎಳೆಬಿಸಿಲಿಗೆ ಅರ್ಧ ಗಂಟೆ ಹೊರಗಿಡುವುದು ಒಳ್ಳೆಯದೇ, ಅರ್ಧ ಪಂಜರಕ್ಕೆ ನೆರಳಿರಲಿ, ನೀವು ಅಲ್ಲೇ ಇರಿ. ಸೆಕೆ ಹತ್ತಿ ಕೊಂಬೆಯಿಂದ ಜಾರಿ ಬಿದ್ದಿದ್ದರೆ ತಂಪು ಕೋಣೆಗೆ ಒಯ್ದು ಉಗುರುಬೆಚ್ಚಗಿನ ನೀರು ಚಿಮುಕಿಸಿ. ಐಸ್ ನೀರಲ್ಲಿ ಅದ್ದಬೇಡಿ, ಆಘಾತಕ್ಕೆ ಸತ್ತೇ ಹೋದೀತು.

ಪ್ರಶ್ನೆ: ಆರು ತಿಂಗಳ ಮರಿ. ನಾಲಗೆ ಬಿಟ್ಟರೆ ಗುರಿ ತಪ್ಪುತ್ತದೆ, ಮುಂಗಾಲು ಬಿಲ್ಲಿನಂತೆ ಬಾಗಿದೆ. ಅಂಗಡಿಯವರು ಕ್ಯಾಲ್ಸಿಯಂ ಸಿರಪ್ ಕುಡಿಸಿ ಅಂದರು.
— ಚಿತ್ರದುರ್ಗ ನಗರ

ಇದು ಎಲುಬು ಮೆತ್ತಗಾಗುವ ಕಾಯಿಲೆ. ಪಂಜರದ ಊಸರವಳ್ಳಿಗಳಲ್ಲಿ ಪದೇಪದೇ ಕಾಣುವುದು ಇದೇ. ಹುಳಗಳಲ್ಲಿ ರಂಜಕ ಹೆಚ್ಚು, ಸುಣ್ಣ ತೀರಾ ಕಡಿಮೆ. ಪುಡಿ ಸವರಿ ಸುಣ್ಣ ಕೊಟ್ಟರೂ ಕರುಳು ಅದನ್ನು ಹೀರಲು ಡಿ3 ಬೇಕು, ಡಿ3 ಚರ್ಮದಲ್ಲಿ ತಯಾರಾಗಲು ಯುವಿಬಿ ಬೇಕು. ಯಾವುದೊಂದು ತಪ್ಪಿದರೂ ದೇಹ ತನ್ನ ಎಲುಬಿನಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ. ಸ್ನಾಯುವಿಗೂ ಸುಣ್ಣ ಬೇಕಾದ್ದರಿಂದ ಮೊದಲು ಸೋಲುವುದು ನಾಲಗೆ. ಆಮೇಲೆ ಕಾಲು, ದವಡೆ, ಕೊನೆಗೆ ಹಿಡಿತ. ದವಡೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ರಬ್ಬರಿನಂತೆ ಬಾಗಿದರೆ ತೀರಾ ಮುಂದುವರಿದಿದೆ ಎಂದರ್ಥ.

ಬರೀ ಸಿರಪ್ಪಿನಿಂದ ವಾಸಿಯಾಗದು. ಪ್ರಮಾಣ ಗೊತ್ತಿಲ್ಲದೆ ಡಿ3 ಸುರಿದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟಿ ಇನ್ನೊಂದು ಅನಾಹುತ. ಈ ವಾರವೇ ವೈದ್ಯರಲ್ಲಿ ಎಕ್ಸ್‌ರೇ ಮಾಡಿಸಿ, ಅವರು ಹೇಳಿದ ಪ್ರಮಾಣದಲ್ಲಷ್ಟೇ ಕೊಡಿ. ಅಷ್ಟರೊಳಗೆ ಟ್ಯೂಬ್ ಹೊಸದು ಹಾಕಿ, ಕೊಂಬೆಗಳನ್ನು ಕೆಳಗಿಳಿಸಿ, ನೆಲಕ್ಕೆ ಬಟ್ಟೆ ಹಾಸಿ; ಬಿದ್ದರೆ ಮೂಳೆ ಮುರಿಯುತ್ತದೆ. ಹುಳವನ್ನು ಬಟ್ಟಲಲ್ಲಿಟ್ಟು ಬಾಯಿಯ ಹತ್ತಿರ ಹಿಡಿಯಿರಿ. ಬಾಗಿದ ಕಾಲು ನೆಟ್ಟಗಾಗದು, ಆದರೆ ಬೇಗ ಹಿಡಿದರೆ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಹೆಣ್ಣು ವೇಲ್ಡ್ ಒಂದು ವಾರದಿಂದ ಊಟ ಬಿಟ್ಟು ಪಂಜರದ ತಳದಲ್ಲೇ ಓಡಾಡುತ್ತಿದೆ, ಕುಂಡದ ಮಣ್ಣು ಕೆರೆಯುತ್ತಿದೆ. ಗಂಡು ಇಲ್ಲವೇ ಇಲ್ಲ.
— ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ

ಮೊಟ್ಟೆಯಿಡಲು ಜಾಗ ಹುಡುಕುತ್ತಿದೆ. ಕೋಳಿಯ ಹಾಗೆ ಇದಕ್ಕೂ ಗಂಡಿನ ಅಗತ್ಯವಿಲ್ಲ; ಆರು ತಿಂಗಳಾಗುವ ಮುಂಚೆಯೇ ಶುರುವಾಗಬಹುದು. ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಕುತ್ತು. ಹಾಗಾಗಿ ಈ ಪತ್ರಿಕೆ ಕೈಗೆ ಬಂದ ದಿನವೇ ಇದನ್ನು ಮಾಡಿ.

ಒಂದಡಿ ಅಗಲ, ಒಂದಡಿಗಿಂತ ಆಳದ ಪ್ಲಾಸ್ಟಿಕ್ ಬಕೆಟ್ಟೋ ಡಬ್ಬವೋ ತೆಗೆದುಕೊಳ್ಳಿ. ತೊಳೆದ ಹೊಳೆಮರಳು, ಗೊಬ್ಬರ ಹಾಕದ ಕೆಂಪುಮಣ್ಣು ಸಮಸಮ ಬೆರೆಸಿ, ಒಂದಡಿಯಷ್ಟು ತುಂಬಿ. ನೀರು ಹಾಕುತ್ತಾ ಕಲಸಿ. ಬೆರಳು ತೂರಿಸಿ ತೆಗೆದಾಗ ತೂತು ಕುಸಿಯದೆ ನಿಂತರೆ ಹದ ಬಂತು. ನೀರು ಜಿನುಗಿದರೆ ಹೆಚ್ಚಾಯಿತು. ಗೋಡೆ ಬದಿಗೆ ಎರಡಿಂಚಿನ ಗುಂಡಿ ನೀವೇ ತೋಡಿಕೊಡಿ. ಪಂಜರದ ಸುತ್ತ ಹಳೇ ಬೆಡ್‌ಶೀಟ್ ಕಟ್ಟಿಬಿಡಿ. ಅಗೆಯುವಾಗ ಮನುಷ್ಯರ ಮುಖ ಕಂಡರೆ ಅದು ಕೆಲಸ ಬಿಟ್ಟುಬಿಡುತ್ತದೆ. ಇಣುಕಿ ನೋಡುವ ಚಪಲವೇ ಇಲ್ಲಿ ದೊಡ್ಡ ಶತ್ರು. ಒಂದಿಡೀ ದಿನ, ಕೆಲವೊಮ್ಮೆ ಎರಡು ದಿನ ಅಗೆದು, ತಳದಲ್ಲಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಹೊಟ್ಟೆ ಬತ್ತಿಸಿಕೊಂಡು ಮೇಲೆ ಬರುತ್ತದೆ. ಸಂಖ್ಯೆ 20 ಇರಬಹುದು, 60 ದಾಟಲೂಬಹುದು. ಬಂದ ಕೂಡಲೇ ಹನಿನೀರು ಹೆಚ್ಚು ಹೊತ್ತು ಬಿಡಿ, ಕೆಲ ದಿನ ಕ್ಯಾಲ್ಸಿಯಂ ಸವರಿದ ಹುಳ ಧಾರಾಳವಾಗಿ ಕೊಡಿ. ಗಂಡು ಕೂಡದ ಮೊಟ್ಟೆ ಮರಿಯಾಗದು, ತೆಗೆದು ಬಿಸಾಡಿ.

ಎರಡು ದಿನವಾದರೂ ಮೊಟ್ಟೆಯಿಲ್ಲ, ಹಗಲಲ್ಲೇ ಕಣ್ಣು ಮುಚ್ಚುತ್ತಿದೆ, ಕಣ್ಣುಗುಡ್ಡೆ ಗುಳಿಬಿದ್ದಿದೆ, ಕೊಂಬೆ ಹಿಡಿಯಲು ಬಲವಿಲ್ಲ ಎಂದರೆ ಕಾಯದೆ ವೈದ್ಯರ ಬಳಿ ಓಡಿ. ಎಕ್ಸ್‌ರೇ ನೋಡಿ ಕ್ಯಾಲ್ಸಿಯಂ, ಆಕ್ಸಿಟೋಸಿನ್ ಕೊಡುತ್ತಾರೆ, ಆಗದಿದ್ದರೆ ಶಸ್ತ್ರಚಿಕಿತ್ಸೆ.

ಮುಂದಿನ ಸಲಕ್ಕೆ: ಹೆಣ್ಣಿನ ಪಂಜರದಲ್ಲಿ ಬಿಸಿಯ ಕೊಂಬೆ 27 ಡಿಗ್ರಿ ದಾಟದಿರಲಿ, ಬೆಳೆದ ಮೇಲೆ ವಾರಕ್ಕೆ ಮೂರು ದಿನ, ಮೂರು ನಾಲ್ಕು ಹುಳ ಮಾತ್ರ. ಹೆಚ್ಚು ಶಾಖ, ಹೆಚ್ಚು ಊಟ ಕೊಟ್ಟಷ್ಟೂ ಮೊಟ್ಟೆ ಹೆಚ್ಚು, ಆಯಸ್ಸು ಕಡಿಮೆ. ಮಣ್ಣಿನ ಡಬ್ಬ ಮಾತ್ರ ವರ್ಷಪೂರ್ತಿ ಪಂಜರದಲ್ಲೇ ಇರಲಿ.

ಪ್ರಶ್ನೆ: ಅಡಿಕೆ ಸಸಿಗೆ ಗುಂಡಿ ತೆಗೆಯುವಾಗ ಒಂದಡಿ ಆಳದಲ್ಲಿ ಇಪ್ಪತ್ತರಷ್ಟು ಬಿಳಿ ಮೊಟ್ಟೆ ಸಿಕ್ಕವು. ಊಸರವಳ್ಳಿಯವು ಅಂತಾರೆ. ಎಲ್ಲಿಡಬೇಕು?
— ಹೊಳಲ್ಕೆರೆ ತಾಲ್ಲೂಕು

ಊಸರವಳ್ಳಿ ಮಳೆಗಾಲ ಮುಗಿಯುವ ಹೊತ್ತಿಗೆ ಮರದಿಂದಿಳಿದು ಮಣ್ಣು ಕೊರೆದು ಹತ್ತರಿಂದ ಮೂವತ್ತರವರೆಗೆ ಮೊಟ್ಟೆ ಇಡುತ್ತದೆ, ಅವು ಅದರದ್ದೇ ಇರಬಹುದು. ಓತಿಕ್ಯಾತದ ಮೊಟ್ಟೆಯೂ ನೋಡಲು ಹೆಚ್ಚುಕಡಿಮೆ ಹೀಗೆಯೇ. ಯಾವುದಾದರೂ ಮಾಡುವ ಕೆಲಸ ಒಂದೇ. ಸಾಧ್ಯವಿದ್ದರೆ ಆ ಗುಂಡಿಯನ್ನು ಹಾಗೇ ಮುಚ್ಚಿ, ಸಸಿಯನ್ನು ಒಂದೆರಡು ಅಡಿ ಪಕ್ಕಕ್ಕೆ ನೆಡಿ. ಈಗಾಗಲೇ ಹೊರಗೆ ಬಿದ್ದಿದ್ದರೆ, ಮೊಟ್ಟೆಯ ಯಾವ ಮೈ ಮೇಲಿತ್ತೋ ಅದೇ ಮೇಲಿರುವಂತೆ, ಉರುಳಿಸದೆ ಎತ್ತಿ. ಕೋಳಿಮೊಟ್ಟೆಯಂತೆ ತಿರುಗಿಸಿದರೆ ಮೇಲ್ಗಡೆ ಅಂಟಿಕೊಂಡಿರುವ ಭ್ರೂಣ ಕಳಚಿ ಸಾಯುತ್ತದೆ. ಗುರುತಿಗೆ ಪೆನ್ಸಿಲಿನಿಂದ ಮೇಲೊಂದು ಚುಕ್ಕೆ ಇಡಿ. ಅಲ್ಲೇ ಹತ್ತಿರ, ಡ್ರಿಪ್ ಪೈಪಿನ ನೀರು ನೇರ ಬೀಳದ, ಅರೆನೆರಳಿನ ಕಡೆ ಅಷ್ಟೇ ಆಳದ ಗುಂಡಿ ತೆಗೆದು, ಸಿಕ್ಕಿದ ಮಣ್ಣನ್ನೇ ಸಡಿಲವಾಗಿ ಮುಚ್ಚಿ. ತುಳಿದು ಗಟ್ಟಿ ಮಾಡಬೇಡಿ, ಮರಿಗಳು ಹೊರಬರಲಾರವು. ನಾಲ್ಕು ಕಲ್ಲಿಟ್ಟು, ಗೊಬ್ಬರ ಹಾಕುವವರಿಗೂ ಪವರ್ ಟಿಲ್ಲರ್ ಹೊಡೆಯುವವರಿಗೂ ತಿಳಿಸಿ. ಮನೆಗೆ ಒಯ್ದು ಮರಿ ಮಾಡಿಸುವುದು ಬೇಡ. ಈ ಮೊಟ್ಟೆಗಳಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ. ಮರಿ ಹೊರಬರಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಆ ಜಾಗಕ್ಕೆ ಕಳೆನಾಶಕ ಹೊಡೆಯದಿದ್ದರೆ ಸಾಕು.